ಕಾಂಗ್ರೆಸ್ ಗಿಡದ ಕಾಂಪೋಸ್ಟ್: ಹೊಲಕ್ಕೆ ಸೈ, ಸಸಿ ಟ್ರೇಗೆ ಪರೀಕ್ಷೆ ಆದ ಮೇಲೆ

ಬದುವಿನಲ್ಲಿ ಕಿತ್ತಷ್ಟೂ ಹುಟ್ಟುವ ಕಾಂಗ್ರೆಸ್ ಗಿಡವನ್ನೇ, ಅಂದರೆ ಪಾರ್ಥೇನಿಯಂ ಕಳೆಯನ್ನೇ ಕೊಳೆಸಿ ಮಾಡಿದ ಗೊಬ್ಬರ ಚೀಲದಲ್ಲಿ ಮಾರಾಟಕ್ಕೆ ಸಿಗುತ್ತದೆ. ಇದರಲ್ಲಿ ಎರಡು ಬಗೆ. ಒಂದು ಗುಂಡಿಯಲ್ಲಿ ಕೊಳೆಸಿದ ಕಾಂಪೋಸ್ಟ್, ಇನ್ನೊಂದು ಗಿಡವನ್ನು ಎರೆಹುಳುವಿಗೆ ತಿನ್ನಿಸಿ ತೆಗೆದ ಎರೆಗೊಬ್ಬರ. ಇಲ್ಲಿರುವುದು ಯಾವುದೋ ಒಂದು ಬ್ರ್ಯಾಂಡಿನ ವಿಮರ್ಶೆ ಅಲ್ಲ, ಈ ಜಾತಿಯ ಗೊಬ್ಬರದ ವಿಮರ್ಶೆ. ಅಂಕ ಮೊದಲೇ ಹೇಳಿಬಿಡುತ್ತೇವೆ: ಸಸಿ ನಾಟಿ ಮಾಡುವ ಹೊಲಕ್ಕೆ 5ಕ್ಕೆ 4, ನೇರವಾಗಿ ಬಿತ್ತುವ ಹೊಲಕ್ಕೆ 3, ಪ್ರೋ-ಟ್ರೇಯಲ್ಲಿ ಸಸಿ ಎಬ್ಬಿಸುವುದಕ್ಕೆ 2. ಒಂದೇ ಚೀಲಕ್ಕೆ ಮೂರು ಅಂಕ ಯಾಕೆ ಎಂಬುದು ಗೊತ್ತಾಗಬೇಕಾದರೆ ಆ ಗಿಡ ಬೀಜಕ್ಕೆ ಏನು ಮಾಡುತ್ತದೆ ಎಂಬುದು ತಿಳಿದಿರಬೇಕು.

ಗಿಡದೊಳಗಿನ ವಿಷ

ಪಾರ್ಥೇನಿಯಂ ನಮ್ಮ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವಿನಲ್ಲಿ, ಪುಣೆಯಲ್ಲಿ. ಅಲ್ಲಿಂದ ಅದು ಇಷ್ಟು ಬೇಗ ಹಬ್ಬಲು ಬೀಜದ ಸಂಖ್ಯೆ ಒಂದು ಕಾರಣ. ಚೆನ್ನಾಗಿ ಬೆಳೆದ ಒಂದು ಗಿಡ 15,000ದಿಂದ 25,000 ಬೀಜ ಉದುರಿಸುತ್ತದೆ. ಇನ್ನೊಂದು ಕಾರಣ ಅದರ ರಸ. ಎಲೆ, ಕಾಂಡ, ಹೂವಿನ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ಕಹಿ ಪದಾರ್ಥ ತುಂಬಿಕೊಂಡಿರುತ್ತದೆ. ಅದರ ಜೊತೆಗೆ ಕೆಫೀಕ್, ಫೆರುಲಿಕ್, ವೆನಿಲಿಕ್, ಕೌಮಾರಿಕ್ ಮುಂತಾದ ಫಿನಾಲಿಕ್ ಆಮ್ಲಗಳೂ ಇವೆ. ಮಳೆ ಬಂದಾಗ ಎಲೆಯಿಂದ ತೊಳೆದು ಬಂದು, ಬೇರಿನಿಂದ ಒಸರಿ, ಉದುರಿದ ಎಲೆ ಕೊಳೆಯುವಾಗ ಬಿಡುಗಡೆಯಾಗಿ, ಹೀಗೆ ಮೂರು ದಾರಿಯಲ್ಲಿ ಇವೆಲ್ಲ ಮಣ್ಣಿನ ನೀರಿಗೆ ಸೇರುತ್ತವೆ.

ಮೊಳೆಯುತ್ತಿರುವ ಬೀಜಕ್ಕೆ ಈ ನೀರು ಸಿಕ್ಕಿದರೆ ಏಟು ಬೀಳುವುದು ಬೇರಿನ ತುದಿಗೆ. ಅಲ್ಲಿ ಕೋಶಗಳು ಒಡೆದು ಎರಡಾಗುವ ಕೆಲಸ ನಿಧಾನವಾಗುತ್ತದೆ, ಕೋಶದ ಪೊರೆ ಸೋರುತ್ತದೆ, ಉಸಿರಾಟ ಕುಗ್ಗುತ್ತದೆ. ಬೀಜ ಮೊಳೆಯುವುದಿಲ್ಲ ಎಂದೇನಿಲ್ಲ, ಎಷ್ಟೋ ಸಲ ಮೊಳೆತೇ ಮೊಳೆಯುತ್ತದೆ. ಮೊಳಕೆ ಹೊರಗೆ ಬಂದ ಮೇಲೆ ಬೇರು ಮುಂದಕ್ಕೆ ಹೋಗುವುದಿಲ್ಲ, ಅದೇ ತೊಂದರೆ. ಬಿತ್ತಿದವರು ಮೊಳಕೆ ಎಣಿಸಿ ಸಮಾಧಾನಪಟ್ಟುಕೊಂಡಿರುತ್ತಾರೆ. ಎರಡನೇ ವಾರದಲ್ಲಿ ಸಸಿ ಹಳದಿ ತಿರುಗಿ ನಿಂತಾಗ ಸಾರಜನಕ ಕಡಿಮೆಯಾಯಿತೆಂದು ಯೂರಿಯಾ ಚೆಲ್ಲುತ್ತಾರೆ. ನೀರನ್ನೂ ಪೋಷಕಾಂಶವನ್ನೂ ಹೀರಬೇಕಾದ ಬೇರುರೋಮಗಳೇ ಮೂಡದಿರುವಾಗ ಯೂರಿಯಾ ಸುರಿದು ಪ್ರಯೋಜನವಿಲ್ಲ.

ದ್ವಿದಳ ಬೆಳೆಗಳಿಗೆ ಇನ್ನೊಂದು ನಷ್ಟವೂ ಉಂಟು. ಗಾಳಿಯ ಸಾರಜನಕವನ್ನು ಬೇರಿಗೆ ಹಿಡಿದುಕೊಡುವ ರೈಜೋಬಿಯಂ ಸೂಕ್ಷ್ಮಾಣುಗಳನ್ನೂ ಈ ಪದಾರ್ಥಗಳು ತಡೆಯುವುದರಿಂದ ಬೇರಿನ ಗಂಟು ಕಡಿಮೆಯಾಗುತ್ತದೆ. ಇನ್ನು ಬದುವಿನಲ್ಲಿ ಹೂಬಿಟ್ಟು ನಿಂತ ಗಿಡದ ಪರಾಗ ಟೊಮೆಟೊ, ಬದನೆ, ಮೆಣಸಿನಕಾಯಿ ಹೂವಿನ ಶಲಾಕಾಗ್ರದ (ಪರಾಗ ಹಿಡಿಯುವ ತುದಿಯ) ಮೇಲೆ ಕೂತರೆ ಕಾಯಿ ಕಚ್ಚುವುದೂ ಕುಗ್ಗುತ್ತದೆ. ಅದು ಗೊಬ್ಬರಕ್ಕೆ ಸಂಬಂಧಿಸಿದ ವಿಷಯವಲ್ಲ, ಆದರೂ ಹೂವಿಗೆ ಮುಂಚೆ ಗಿಡ ಕೀಳಲು ಇದೊಂದು ಒಳ್ಳೆಯ ಕಾರಣ.

ಕೊಳೆತ ಮೇಲೆ ಏನಾಗುತ್ತದೆ

ಪಾರ್ಥೆನಿನ್ ಆಗಲಿ ಫಿನಾಲಿಕ್ ಆಮ್ಲವಾಗಲಿ ಶಾಶ್ವತ ವಿಷವಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅವನ್ನು ಒಡೆದು ತಿನ್ನುತ್ತವೆ. ಬಿಸಿ, ತೇವ, ಗಾಳಿ ಮೂರೂ ಸರಿಯಾಗಿ ಸಿಕ್ಕಿದ ರಾಶಿಯಲ್ಲಿ ನಾಲ್ಕೈದು ತಿಂಗಳಲ್ಲಿ ಅವುಗಳ ಕಾಟ ಮುಗಿದಿರುತ್ತದೆ. ಎರೆಹುಳು ಹಾದು ಬಂದ ಪಾರ್ಥೇನಿಯಂ ಗೊಬ್ಬರ ಮೊಳಕೆಗೆ ತೊಂದರೆ ಕೊಡುವ ಬದಲು ಉಪಕಾರವನ್ನೇ ಮಾಡುತ್ತದೆ ಎಂದು ಪುದುಚೇರಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ "ಕಾಂಗ್ರೆಸ್ ಗಿಡದ ಗೊಬ್ಬರ ಹಾಕಿದರೆ ಬೆಳೆ ಸುಡುತ್ತದೆ" ಎಂಬ ಹೆದರಿಕೆಗೆ ಆಧಾರವಿಲ್ಲ. ಹೆದರಬೇಕಾದದ್ದು ಅರ್ಧ ಕೊಳೆತದ್ದಕ್ಕೆ. ಎಂಟೇ ವಾರದಲ್ಲಿ ಗುಂಡಿ ಬಗೆದು, ಒಣಗಿಸಿ, ಜರಡಿ ಹಿಡಿದು ಚೀಲಕ್ಕೆ ತುಂಬಿದರೆ ಅದೂ ಕಪ್ಪಗೆ, ಪುಡಿಪುಡಿಯಾಗಿಯೇ ಕಾಣುತ್ತದೆ. ಬಣ್ಣ ನೋಡಿ ವ್ಯತ್ಯಾಸ ತಿಳಿಯುವುದಿಲ್ಲ.

ಚೀಲದ ಮೇಲಿನ ಬರಹ

ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಪಾರ್ಥೇನಿಯಂ ಕಾಂಪೋಸ್ಟಿಗೆ ಕೊಡುವ ಅಂಕಿ ಇದು: ಸಾರಜನಕ ಶೇ. 1.05, ರಂಜಕ ಶೇ. 0.84, ಪೊಟ್ಯಾಷ್ ಶೇ. 1.11. ಕೊಟ್ಟಿಗೆ ಗೊಬ್ಬರದ ಸುಮಾರು ಎರಡರಷ್ಟು. ಒಳ್ಳೆಯ ಗೊಬ್ಬರವೇ, ಸಂಶಯವಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. 50 ಕಿಲೋ ಚೀಲದಲ್ಲಿ ಶೇ. 20 ತೇವ ಇದ್ದರೆ ಒಣ ಗೊಬ್ಬರ 40 ಕಿಲೋ. ಅದರಲ್ಲಿ ಸಾರಜನಕ 420 ಗ್ರಾಂ. 45 ಕಿಲೋ ಯೂರಿಯಾ ಚೀಲದಲ್ಲಿರುವುದು 20.7 ಕಿಲೋ. ಸಾರಜನಕಕ್ಕಾಗಿ ಈ ಚೀಲ ಕೊಳ್ಳುವುದರಲ್ಲಿ ಅರ್ಥವಿಲ್ಲ. ಸಾವಯವ ಇಂಗಾಲಕ್ಕೆ, ಮಣ್ಣಿನ ಹದಕ್ಕೆ, ನೀರು ಹಿಡಿಯುವ ಶಕ್ತಿಗೆ ಕೊಳ್ಳಬೇಕು. ಹತ್ತಿರದಲ್ಲಿ ಒಳ್ಳೆಯ ಕೊಟ್ಟಿಗೆ ಗೊಬ್ಬರ ಸಿಗುವ ಊರಿನಲ್ಲಿ ಸಾಗಣೆ ಖರ್ಚು ಕೊಟ್ಟು ಇದನ್ನು ತರಿಸುವ ಅಗತ್ಯವಿಲ್ಲ.

ಮುದ್ರಿತ ವಿಶ್ಲೇಷಣೆಯಲ್ಲಿ ಮೊದಲು ನೋಡಬೇಕಾದ್ದು ಎರಡು. ಇಂಗಾಲ-ಸಾರಜನಕ ಅನುಪಾತ 20ಕ್ಕಿಂತ ಕಡಿಮೆ ಇರಬೇಕು, ಲವಣದ ಅಳತೆಯಾದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿರಬಾರದು. ಈ ಪಟ್ಟಿಯಲ್ಲಿ ಸಾರಜನಕ ಇರುತ್ತದೆ, ರಂಜಕ ಇರುತ್ತದೆ, ರಸಸಾರ ಇರುತ್ತದೆ. ಬೀಜ ಇದರಲ್ಲಿ ಮೊಳೆತು ಬೇರು ಬಿಡುತ್ತದೆಯೇ ಎಂಬುದು ಮಾತ್ರ ಇರುವುದಿಲ್ಲ. ಸಸಿ ಬೆಳೆಸುವವರಿಗೆ ಬೇಕಾದದ್ದು ಅದೊಂದೇ. ಅದನ್ನು 48 ಗಂಟೆಯಲ್ಲಿ ಮನೆಯಲ್ಲೇ ಕಂಡುಕೊಳ್ಳಬಹುದು.

ಆಳ್ವಿ ಬೀಜದ ಪರೀಕ್ಷೆ

ಬಾಣಂತಿಯರಿಗೆ ಪಾಯಸ ಮಾಡಿಕೊಡುವ ಆಳ್ವಿ ಬೀಜ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಕಾಂಪೋಸ್ಟ್ ಕಳಿತಿದೆಯೇ ಎಂದು ನೋಡಲು ಪ್ರಯೋಗಾಲಯಗಳು ಬಳಸುವುದೂ ಇದನ್ನೇ. 1981ರಲ್ಲಿ ಇಟಲಿಯ ಜುಕ್ಕೋನಿ ಮತ್ತು ಸಂಗಡಿಗರು ಇದರ ಮೇಲೆ ಮೊಳಕೆ ಸೂಚ್ಯಂಕ ಎಂಬ ಲೆಕ್ಕ ಕಟ್ಟಿದರು. ಆಳ್ವಿಯೇ ಯಾಕೆಂದರೆ ಬೀಜ ಸಣ್ಣದು, ಒಳಗೆ ಕೂಡಿಟ್ಟ ಆಹಾರ ಕಡಿಮೆ, ಬೇರು ಒಂದೇ ದಿನದಲ್ಲಿ ಹೊರಬಂದು ನೆಟ್ಟಗೆ ಓಡುತ್ತದೆ. ಹೆಸರುಕಾಳು, ಕಡಲೆಯಂಥ ದಪ್ಪ ಬೀಜದಲ್ಲಿ ಪರೀಕ್ಷೆ ಮಾಡಿದರೆ ಒಳಗಿನ ದಾಸ್ತಾನಿನ ಬಲದಿಂದ ಅವು ವಿಷವನ್ನು ಸ್ವಲ್ಪ ಕಾಲ ತಡೆದುಕೊಂಡು ತಪ್ಪು ಭರವಸೆ ಕೊಡುತ್ತವೆ.

ಕಾಂಪೋಸ್ಟನ್ನು ಚೀಲದ ಮೇಲಿನಿಂದ ತೆಗೆಯಬೇಡಿ. ನಡುವಿನಿಂದ, ತಳದಿಂದ, ಮೂರು ನಾಲ್ಕು ಕಡೆಯಿಂದ ಮುಷ್ಟಿ ಮುಷ್ಟಿ ತೆಗೆದು ಬೆರೆಸಿ. ಅದರಲ್ಲಿ 10 ಗ್ರಾಂ ತೂಗಿ 100 ಮಿಲಿ ನೀರಿಗೆ ಹಾಕಿ. ಕುಡಿಯುವ ನೀರೇ ಆಗಲಿ, ಆದರೆ ಗೊಬ್ಬರ ಕದಡಲೂ ಹೋಲಿಕೆಗೆ ಇಡುವ ಬರಿ ನೀರಿನ ಡಬ್ಬಿಗೂ ಒಂದೇ ನೀರು ಬಳಸಬೇಕು. ಬಿಸಿನೀರು ಬೇಡ, ಹೊಲದಲ್ಲಿ ಎಂದೂ ಕರಗದಿರುವುದನ್ನೂ ಅದು ಎಳೆದು ತರುತ್ತದೆ. ಒಂದು ಗಂಟೆ ಆಗಾಗ ಕುಲುಕಿ, ಅರ್ಧ ಗಂಟೆ ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆ ಮಾಡಿದ ಹತ್ತಿ ಬಟ್ಟೆಯಲ್ಲಿ ಸೋಸಿ. ನೀರು ಚಹಾ ಡಿಕಾಕ್ಷನ್ ಬಣ್ಣದಲ್ಲಿ ಬಂದರೆ ಗಾಬರಿಯಾಗಬೇಡಿ, ಚೆನ್ನಾಗಿ ಕಳಿತದ್ದರಿಂದಲೂ ಆ ಬಣ್ಣ ಬರುತ್ತದೆ.

ಅಂಗೈ ಅಗಲದ ಮುಚ್ಚಳವಿರುವ ಡಬ್ಬಿ ಆರು ಬೇಕು. ತಳಕ್ಕೆ ಎರಡು ಪದರ ಟಿಶ್ಯೂ ಕಾಗದ ಹಾಸಿ. ಮೂರಕ್ಕೆ ಸೋಸಿದ ನೀರು 5 ಮಿಲಿ, ಮೂರಕ್ಕೆ ಬರಿ ನೀರು 5 ಮಿಲಿ. ಕಾಗದ ಒದ್ದೆಯಾಗಿರಬೇಕು, ಡಬ್ಬಿ ಓರೆ ಮಾಡಿದಾಗ ನೀರು ಹರಿಯಬಾರದು. ನೀರು ನಿಂತರೆ ಬೀಜಕ್ಕೆ ಗಾಳಿ ಸಿಗದೆ ಉಸಿರುಗಟ್ಟುತ್ತದೆ, ಆ ತಪ್ಪು ಗೊಬ್ಬರದ ತಲೆಗೆ ಬರುತ್ತದೆ. ಪ್ರತಿ ಡಬ್ಬಿಗೆ 20 ಬೀಜ, ಒಂದಕ್ಕೊಂದು ತಾಗದಂತೆ. ಆಳ್ವಿ ನೆನೆದ ಕೂಡಲೇ ಸುತ್ತ ಲೋಳೆ ಬಿಡುತ್ತದೆ, ಹತ್ತಿರ ಇಟ್ಟರೆ ಬೀಜಗಳು ಅಂಟಿಕೊಂಡು ಬೇರು ಬಿಡಿಸಲಾಗುವುದಿಲ್ಲ. ಮುಚ್ಚಿ, ಕತ್ತಲಲ್ಲಿ, ಮನೆಯೊಳಗೆ ಇಡಿ.

ಎರಡು ದಿನದ ಮೇಲೆ ಮುಚ್ಚಳ ತೆಗೆದು, ಬೆಳಕಿನ ಕಡೆ ಹಿಡಿದು ನಿಧಾನವಾಗಿ ನೋಡಿ. ಬರಿ ನೀರಿನ ಡಬ್ಬಿಯಲ್ಲಿ ಬೇರು ಬಿಳಿಯಾಗಿ, ನೆಟ್ಟಗೆ, ಬುಡದ ಹತ್ತಿರ ಬೂಷ್ಟಿನಂಥ ನಯವಾದ ರೋಮ ಹೊತ್ತಿರುತ್ತದೆ. ಅದು ಬೂಷ್ಟಲ್ಲ, ಬೇರುರೋಮ. ನೀರು ಚಿಮುಕಿಸಿದರೆ ಬೇರಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಮತ್ತೆ ಏಳುತ್ತದೆ. ಕಳಿಯದ ಗೊಬ್ಬರದ ಡಬ್ಬಿಯಲ್ಲಿ ಬೇರು ಮೊಂಡಾಗಿ, ತುದಿ ಕಂದಾಗಿ, ಕೆಲವೊಮ್ಮೆ ಕೊಕ್ಕೆಯಂತೆ ಮೇಲಕ್ಕೆ ಬಾಗಿರುತ್ತದೆ. ರೋಮ ಇರುವುದಿಲ್ಲ ಅಥವಾ ಅಲ್ಲೊಂದು ಇಲ್ಲೊಂದು ಇರುತ್ತದೆ. ಇಷ್ಟು ಸ್ಪಷ್ಟವಾಗಿ ಕಂಡರೆ ಅಳೆಯುವ ಅಗತ್ಯವೂ ಇಲ್ಲ.

ಆದರೂ ಅಳೆಯಿರಿ, ಯಾಕೆಂದರೆ ಹೆಚ್ಚಿನ ಚೀಲಗಳು ನಡುವಿನಲ್ಲಿ ಬರುತ್ತವೆ. ಉದಾಹರಣೆಗೆ, ಬರಿ ನೀರಿನಲ್ಲಿ 20ಕ್ಕೆ 19 ಮೊಳೆತು ಬೇರಿನ ಸರಾಸರಿ 32 ಮಿ.ಮೀ., ಗೊಬ್ಬರದ ನೀರಿನಲ್ಲಿ 17 ಮೊಳೆತು ಸರಾಸರಿ 20 ಮಿ.ಮೀ. ಎನ್ನೋಣ. ಮೊಳಕೆ 19ಕ್ಕೆ 17, ಅಂದರೆ ಶೇ. 89. ಚೆನ್ನಾಗಿದೆ ಅನ್ನಿಸುತ್ತದೆ. ಬೇರು 32ಕ್ಕೆ 20, ಶೇ. 62. ಎರಡನ್ನೂ ಗುಣಿಸಿ 100ರಿಂದ ಭಾಗಿಸಿದರೆ ಸೂಚ್ಯಂಕ ಸುಮಾರು 56. 80ರ ಮೇಲೆ ಬಂದರೆ ವಿಷವಿಲ್ಲ, 50ರಿಂದ 80ರವರೆಗೆ ಇನ್ನೂ ಕಳಿಯಬೇಕು, 50ಕ್ಕಿಂತ ಕೆಳಗೆ ಬಂದರೆ ಬೀಜದ ಹತ್ತಿರಕ್ಕೂ ತರಬಾರದು. ಮೊಳಕೆ ಎಣಿಕೆಯನ್ನಷ್ಟೇ ನಂಬಿದ್ದರೆ 56ರ ಈ ಗೊಬ್ಬರ ಪಾಸಾಗಿಬಿಡುತ್ತಿತ್ತು. ಕೆಲವೊಮ್ಮೆ ಸೂಚ್ಯಂಕ 100 ದಾಟುತ್ತದೆ. ಅದು ತಪ್ಪಲ್ಲ, ಒಳ್ಳೆಯ ಕಾಂಪೋಸ್ಟಿನ ನೀರು ಬೇರನ್ನು ಚುರುಕುಗೊಳಿಸುತ್ತದೆ.

ಬರಿ ನೀರಿನ ಡಬ್ಬಿಯಲ್ಲೇ 16ಕ್ಕಿಂತ ಕಡಿಮೆ ಮೊಳೆತರೆ ಆ ಪರೀಕ್ಷೆ ಬಿಟ್ಟುಬಿಡಿ, ಬೀಜ ಹಳತು. ಇದೇ ಪರೀಕ್ಷೆಯನ್ನು ನೀವು ಬೆಳೆಯಲಿರುವ ಬೀಜದ ಮೇಲೆಯೇ ಮಾಡಿದರೆ ಇನ್ನೂ ಒಳ್ಳೆಯದು. ರಾಗಿಗೆ ಮೂರು ನಾಲ್ಕು ದಿನ, ಟೊಮೆಟೊಗೆ ಒಂದು ವಾರ ಬೇಕು. ಔಷಧಿ ಸವರಿದ ಬೀಜವಾದರೆ ತೊಳೆದು ಬಳಸಿ.

ತಪ್ಪು ಪಾರ್ಥೆನಿನ್‌ದೇ ಎಂದು ಹೇಗೆ ಗೊತ್ತು

ಸೂಚ್ಯಂಕ ಬಿದ್ದರೆ ಕಳೆಯ ವಿಷವೇ ಕಾರಣ ಎಂದು ತಕ್ಷಣ ತೀರ್ಮಾನಿಸಬಾರದು. ಬೇರೆ ಇಬ್ಬರು ಆರೋಪಿಗಳಿದ್ದಾರೆ. ಒಂದು ಅಮೋನಿಯಾ. ಯೂರಿಯಾ ಹಾಕಿ ಬೇಗ ಕೊಳೆಸಿದ ರಾಶಿಯಲ್ಲಿ ಇದು ಸಾಮಾನ್ಯ. ಚೀಲ ಬಿಚ್ಚಿದಾಗ ಮೂಗಿಗೆ ಚುಚ್ಚುತ್ತದೆ. ಗೊಬ್ಬರವನ್ನು ನೆರಳಿನಲ್ಲಿ ತೆಳ್ಳಗೆ ಹರಡಿ ಎರಡು ದಿನ ಗಾಳಿಗೆ ಬಿಟ್ಟು ಪರೀಕ್ಷೆ ಮತ್ತೆ ಮಾಡಿ. ಅಂಕ ಏರಿದರೆ ಕಾರಣ ಅಮೋನಿಯಾ. ಇನ್ನೊಂದು ಲವಣ. ಲವಣ ಹೆಚ್ಚಿದ್ದರೆ ಬೀಜ ನೀರು ಹೀರುವುದೇ ನಿಧಾನವಾಗುತ್ತದೆ, ಎಲ್ಲ ಬೀಜವೂ ಒಂದೇ ರೀತಿ ತಡವಾಗುತ್ತದೆ, ಆದರೆ ಬೇರಿನ ತುದಿ ಬಿಳಿಯಾಗಿಯೇ ಇರುತ್ತದೆ. ಹನಿ ನೀರಾವರಿಯವರ ಬಳಿ ಇರುವ ವಾಹಕತೆ ಮೀಟರಿನಲ್ಲಿ ಸೋಸಿದ ನೀರನ್ನು ಅಳೆದರೆ ಇದೂ ತಿಳಿಯುತ್ತದೆ. ಗಾಳಿಗೆ ಬಿಟ್ಟ ಮೇಲೂ, ಲವಣ ಕಡಿಮೆಯಿದ್ದೂ ಬೇರಿನ ತುದಿ ಕಂದಾದರೆ ಗೊಬ್ಬರ ಇನ್ನೂ ಕಳಿತಿಲ್ಲ ಎಂದೇ ಅರ್ಥ. ತೇವ ಕೊಟ್ಟು, ಗೋಣಿ ಮುಚ್ಚಿ, ವಾರಕ್ಕೊಮ್ಮೆ ಮಗುಚುತ್ತಾ ಒಂದು ತಿಂಗಳು ಕಳಿಸಿ. ಹಣ ವ್ಯರ್ಥವಾಗುವುದಿಲ್ಲ.

ಹೊಲಕ್ಕೂ ಟ್ರೇಗೂ ಇರುವ ಅಂತರ

ಮೂರು ಅಂಕದ ಗುಟ್ಟು ಇಲ್ಲಿದೆ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 850 ಟನ್ ತೂಗುತ್ತದೆ. ಹದವಿದ್ದಾಗ ಅದರಲ್ಲಿ 170 ಟನ್ನಿನಷ್ಟು ನೀರಿರುತ್ತದೆ. ಎಕರೆಗೆ 2 ಟನ್ ಕಾಂಪೋಸ್ಟ್ ಬೆರೆಸಿದರೆ ಒಂದು ಪಾಲು ಗೊಬ್ಬರಕ್ಕೆ 85 ಪಾಲು ನೀರು. ನಮ್ಮ ಪರೀಕ್ಷೆಯಲ್ಲಿ ಒಂದಕ್ಕೆ ಹತ್ತು. ಅಂದರೆ ಪರೀಕ್ಷೆ ಹೊಲಕ್ಕಿಂತ ಎಂಟು ಪಟ್ಟು ಕಠಿಣ. ಸಾಲದ್ದಕ್ಕೆ ಮಣ್ಣಿನ ಜೇಡಿ ಈ ಆಮ್ಲಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೂಕ್ಷ್ಮಾಣುಗಳು ತಿಂದು ಮುಗಿಸುತ್ತವೆ. 60 ಅಂಕದ ಗೊಬ್ಬರವನ್ನೂ ಬಿತ್ತನೆಗೆ ಮೂರು ವಾರ ಮುಂಚೆ ಹಾಕಿ ಕುಂಟೆ ಹೊಡೆದರೆ ರಾಗಿಗೆ ತೊಂದರೆಯಾಗುವುದಿಲ್ಲ. ಬಿತ್ತನೆ ಸಾಲಿನಲ್ಲೇ ಬೀಜದ ಜೊತೆ ಸುರಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ, ಏಕೆಂದರೆ ಅಲ್ಲಿ ಬೀಜಕ್ಕೆ ಸಿಗುವುದು ಇಡೀ ಎಕರೆಯ ನೀರಲ್ಲ, ಗೊಬ್ಬರದ ಸುತ್ತಲಿನ ನಾಲ್ಕು ಹನಿ.

ಟ್ರೇಯಲ್ಲಿ ಪರಿಸ್ಥಿತಿ ತಿರುಗುಮುರುಗು. ತೆಂಗಿನ ನಾರಿನ ಪುಡಿಯೊಂದಿಗೆ ಕಾಂಪೋಸ್ಟನ್ನು ಅರ್ಧಕ್ಕರ್ಧ ಬೆರೆಸಿದರೆ ಒಂದು ಲೀಟರ್ ಮಿಶ್ರಣದಲ್ಲಿ ಗೊಬ್ಬರ 300 ಗ್ರಾಂ, ನೀರು ಹೆಚ್ಚೆಂದರೆ ಅರ್ಧ ಲೀಟರ್. ಇದು ಪರೀಕ್ಷೆಯ ನೀರಿಗಿಂತ ಐದಾರು ಪಟ್ಟು ಗಾಢ. ಹಿಡಿದಿಟ್ಟುಕೊಳ್ಳಲು ಜೇಡಿಯಿಲ್ಲ, ತಪ್ಪಿಸಿಕೊಂಡು ಹೋಗಲು ಬೇರಿಗೆ ಜಾಗವಿಲ್ಲ. ಅದಕ್ಕೇ 80 ಅಂಕ ಬಂದ ಗೊಬ್ಬರವನ್ನೂ ಟ್ರೇಗೆ ಹತ್ತಕ್ಕೆ ಒಂದು ಪಾಲಿಗಿಂತ ಹೆಚ್ಚು ಹಾಕಬೇಡಿ. ಹತ್ತರಲ್ಲಿ ಒಂದು ಪಾಲು ಬೆರೆಸಿದಾಗ ಗೊಬ್ಬರ-ನೀರಿನ ಅನುಪಾತ ಹೆಚ್ಚುಕಡಿಮೆ ಒಂದಕ್ಕೆ ಹತ್ತಕ್ಕೆ ಬಂದು ನಿಲ್ಲುತ್ತದೆ, ಅಂದರೆ ಪರೀಕ್ಷೆ ಮಾಡಿದ್ದು ಎಷ್ಟೋ ಅಷ್ಟೇ ಸಸಿಗೂ ಸಿಗುತ್ತದೆ. ಹೊಸ ಚೀಲವಾದರೆ 98 ಕುಳಿಯ ಒಂದು ಟ್ರೇ ಮಾತ್ರ ತುಂಬಿ, ಪಕ್ಕದಲ್ಲಿ ಬರಿ ನಾರಿನ ಪುಡಿಯ ಟ್ರೇ ಇಟ್ಟು, ಹತ್ತನೇ ದಿನ ಎರಡರಿಂದಲೂ ಐದೈದು ಸಸಿ ಕಿತ್ತು ಬೇರು ಹೋಲಿಸಿ ಆಮೇಲೆ ಮುಂದುವರಿಯಿರಿ.

ನಾಟಿ ಮಾಡುವ ಬೆಳೆಗೆ ಭಯ ಕಡಿಮೆ. ಮೂರು ನಾಲ್ಕು ವಾರದ ಸಸಿಗೆ ಬೇರಿನ ಜಾಲ ಆಗಲೇ ಇರುತ್ತದೆ. ಜಬಲ್ಪುರದ ಶಿಫಾರಸು ಸಾಮಾನ್ಯ ಬೆಳೆಗೆ ಹೆಕ್ಟೇರಿಗೆ 2.5ರಿಂದ 3 ಟನ್, ತರಕಾರಿಗೆ 4ರಿಂದ 5 ಟನ್.

ಗೊಬ್ಬರದ ಜೊತೆ ಬರುವ ಬೀಜ

ಮೊಳಕೆ ಪರೀಕ್ಷೆಯಲ್ಲಿ 90 ಅಂಕ ಬಂದ ಗೊಬ್ಬರವೂ ಇನ್ನೊಂದು ವಿಧದಲ್ಲಿ ಕೈಕೊಡಬಹುದು. ಹೂವಾಗಿ ಬೀಜ ಕಟ್ಟಿದ ಗಿಡ ಗುಂಡಿಗೆ ಬಿದ್ದು, ರಾಶಿ 55 ಡಿಗ್ರಿಗೆ ಬಿಸಿಯಾಗದೆ ಹೋದರೆ ಬೀಜ ಬದುಕಿ ಉಳಿಯುತ್ತದೆ. ನಡು ಬಿಸಿಯಾಗಿದ್ದರೂ ಅಂಚು ತಣ್ಣಗಿರುತ್ತದೆ, ಮಗುಚದ ರಾಶಿಯಲ್ಲಿ ಅಂಚಿನ ಬೀಜವೆಲ್ಲ ಕ್ಷೇಮ. ಎರೆಗೊಬ್ಬರದಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಹುಳು ಬದುಕಬೇಕಾದರೆ ತೊಟ್ಟಿ ಬಿಸಿಯಾಗಲೇಬಾರದು. ವಿಷದ ದೃಷ್ಟಿಯಿಂದ ಎರೆಗೊಬ್ಬರ ಮೇಲು, ಬೀಜದ ದೃಷ್ಟಿಯಿಂದ ಬಿಸಿ ಕಾಂಪೋಸ್ಟ್ ಮೇಲು. ಮೊದಲು ಬಿಸಿ ರಾಶಿ, ಆಮೇಲೆ ಎರೆಹುಳು ಎಂದು ಎರಡೂ ಹಂತ ಮಾಡಿದ ತಯಾರಕರು ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಒಂದು ಕಿಲೋ ಗೊಬ್ಬರವನ್ನು ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಮೂರು ವಾರ ತೇವ ಆರದಂತೆ ನೋಡಿಕೊಂಡು, ಹುಟ್ಟಿದ್ದನ್ನು ಎಣಿಸಿ. ಕಿಲೋಗೆ ಐದು ಕಾಂಗ್ರೆಸ್ ಸಸಿ ಬಂದರೂ ಎಕರೆಗೆ ಎರಡು ಟನ್ ಹಾಕಿದಾಗ 10,000 ಗಿಡ ಬಿತ್ತಿದಂತೆ. ಭೂತಗನ್ನಡಿ ಇದ್ದರೆ ಬೀಜವನ್ನೇ ಹುಡುಕಬಹುದು: ಎರಡು ಮಿಲಿಮೀಟರ್ ಉದ್ದ, ಚಪ್ಪಟೆ, ಕಪ್ಪು, ತಲೆಯ ಎರಡು ಬದಿಗೆ ಒಣಗಿದ ಹೂವಿನ ಸಣ್ಣ ತುಣುಕು ಅಂಟಿರುತ್ತದೆ.

ಮನೆಯಲ್ಲೇ ಮಾಡುವುದಾದರೆ

ಜಬಲ್ಪುರದ ಗುಂಡಿ ವಿಧಾನ ಸರಳವಾದದ್ದು. ನೀರು ನಿಲ್ಲದ ಎತ್ತರದ, ನೆರಳಿನ ಜಾಗದಲ್ಲಿ 3 ಅಡಿ ಆಳ, 6 ಅಡಿ ಅಗಲ, 10 ಅಡಿ ಉದ್ದದ ಗುಂಡಿ. ಹೂವಿಗೆ ಮುಂಚಿನ ಗಿಡ 50 ಕಿಲೋ ಹರಡಿ, ಅದರ ಮೇಲೆ 500 ಗ್ರಾಂ ಯೂರಿಯಾ ಅಥವಾ 3 ಕಿಲೋ ಶಿಲಾರಂಜಕ, ಕೊಳೆಸಲು ನೆರವಾಗುವ ಶಿಲೀಂಧ್ರವಾದ ಟ್ರೈಕೋಡರ್ಮಾ 50 ಗ್ರಾಂ, ಸ್ವಲ್ಪ ಮಣ್ಣು, ನೀರು. ಹೀಗೆ ಪದರದ ಮೇಲೆ ಪದರ ಹಾಕಿ ನೆಲದಿಂದ ಒಂದಡಿ ಮೇಲಕ್ಕೆ ಗುಮ್ಮಟದಂತೆ ಏರಿಸಿ, ಸಗಣಿ-ಮಣ್ಣು ಮೆತ್ತಿ ಮುಚ್ಚುವುದು. ನಾಲ್ಕೈದು ತಿಂಗಳು ಬೇಕು. ಗಿಡದಲ್ಲಿ ಹೂ ಕಂಡಿದ್ದರೆ ಮುಚ್ಚಿಟ್ಟ ಗುಂಡಿಯನ್ನು ನಂಬಬೇಡಿ, ನೆಲದ ಮೇಲೆ ರಾಶಿ ಹಾಕಿ ಮಗುಚಿ. ಎರಡಡಿ ಕಬ್ಬಿಣದ ಸರಳು ರಾಶಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಸರಿ. ಮೂರು ದಿನ ಆ ಬಿಸಿ ಸಿಕ್ಕ ಮೇಲೆ ಅಂಚಿನದು ನಡುವಿಗೆ ಬರುವಂತೆ ಮಗುಚಿ ಮತ್ತೆ ಬಿಸಿಯಾಗಲು ಬಿಡಿ.

ಕೀಳುವಾಗ ಕೈಗವಸು, ತುಂಬು ತೋಳಿನ ಅಂಗಿ, ಬಾಯಿ-ಮೂಗಿಗೆ ಬಟ್ಟೆ ಇರಲೇಬೇಕು. ಬೀಜವನ್ನು ತಡೆಯುವ ಪಾರ್ಥೆನಿನ್ನೇ ಚರ್ಮಕ್ಕೆ ತಾಗಿ ತುರಿಕಜ್ಜಿ ತರುವುದು. ಒಮ್ಮೆ ಅಲರ್ಜಿ ಹತ್ತಿದವರಿಗೆ ಮುಂದೆ ಗಿಡದ ಹತ್ತಿರ ಹೋದರೂ ಸಾಕು. ಅಂಥವರು ಈ ಕೆಲಸವನ್ನು ಬೇರೆಯವರಿಗೆ ಬಿಟ್ಟು ಚೀಲವನ್ನೇ ಕೊಳ್ಳುವುದು ಮೇಲು. ಕೊಳ್ಳುವಾಗ ಮಾರುವವರನ್ನು ಮೂರು ಪ್ರಶ್ನೆ ಕೇಳಿ: ಗಿಡ ಹೂವಿಗೆ ಮುಂಚೆ ಕಿತ್ತದ್ದೋ ಆಮೇಲೋ, ಎಷ್ಟು ಸಲ ಮಗುಚಿದ್ದೀರಿ, ಗುಂಡಿ ತುಂಬಿದ್ದು ಮತ್ತು ತೆಗೆದದ್ದು ಯಾವ ಯಾವ ತಿಂಗಳು. ತಿಂಗಳು ಹೇಳಲು ತಡವರಿಸಿದರೆ ಮೊದಲು ಒಂದೇ ಚೀಲ ತನ್ನಿ, ಆಳ್ವಿ ಬೀಜ ಹಾಕಿ ನೋಡಿ, ಉಳಿದದ್ದಕ್ಕೆ ಆಮೇಲೆ ಮುಂಗಡ ಕೊಡಿ.